ಗೇಟ್ ಹಾಕಿದಾಗ ನಿಲ್ಲೋಕೆ ಒಂದು ಲಾರಿ: ಡೈಕಾಸ್ಟ್ ಆಟಿಕೆಯನ್ನು ಮಾದರಿ ರೈಲಿನ ರಸ್ತೆಗೆ ಇಳಿಸುವ ಬಗೆ

ಹಳಿ ಹಾಕಿ, ಸ್ಟೇಷನ್ ಕಟ್ಟಿ, ಲೆವೆಲ್ ಕ್ರಾಸಿಂಗಿಗೆ ಗೇಟ್ ಕೂರಿಸಿ ಮುಗಿಸಿದ ದಿನ ನನ್ನ ರಸ್ತೆ ಖಾಲಿ ಇತ್ತು. ಗೇಟ್ ಹಾಕಿದರೂ ಆಚೆ ಈಚೆ ಯಾರೂ ಕಾಯುತ್ತಿಲ್ಲ ಅಂದರೆ ಅದು ನಮ್ಮ ಕಡೆಯ ಗೇಟೇ ಅಲ್ಲ, ಅಲ್ವಾ? ಮಗನ ಆಟಿಕೆ ಡಬ್ಬಿಯಿಂದ ಒಂದು ಕೆಂಪು ಕಾರು ತಂದು ನಿಲ್ಲಿಸಿದೆ. ಸಂಜೆ ಬಂದ ಗೆಳೆಯ ರೈಲನ್ನು ನೋಡಲೇ ಇಲ್ಲ. "ಆ ಕಾರು ಯಾಕಯ್ಯಾ ಬಸ್ಸಿನಷ್ಟು ಅಗಲ ಇದೆ?" ಅಂದ.

ಅಳೆದು ನೋಡಿದೆ. ಕಾರಿನ ಅಗಲ 30 ಮಿಲಿಮೀಟರ್. ನನ್ನ ರೈಲು 1:87ರದು, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು. ಅಂದರೆ ಆ ಕಾರು ನಿಜವಾಗಿ ಓಡಾಡಿದ್ದರೆ 2.6 ಮೀಟರ್ ಅಗಲ ಇರುತ್ತಿತ್ತು. ಲಾರಿಯೇ ಅಷ್ಟು ಅಗಲ ಇರುವುದು! ಗೆಳೆಯನ ಕಣ್ಣು ಸರಿಯಾಗೇ ಇತ್ತು.

ಮಾದರಿ ರೈಲಿನವರು ಆಟಿಕೆ ವಾಹನಗಳನ್ನು ತಿದ್ದುವುದು ಇದಕ್ಕೇ. ಡೈಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಆಟಿಕೆ) ಸಂಗ್ರಹಿಸುವವರು ಗಾಡಿ ಮಿಂಚಲಿ ಅಂತ ಬಣ್ಣ ಹೊಡೆಯುತ್ತಾರೆ. ನಮ್ಮದು ಉಲ್ಟಾ ಕೆಲಸ. ಗಾಡಿ ಕಣ್ಣಿಗೆ ಬೀಳಬಾರದು. ನೋಡುವವರು ರೈಲು ನೋಡಬೇಕು, ಲಾರಿ ಅಲ್ಲೇ ಹುಟ್ಟಿ ಬೆಳೆದದ್ದು ಅನ್ನಿಸಬೇಕು. ಮುಂದೆ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ಮೊದಲು ಸ್ಕೇಲು, ಆಮೇಲೆ ಅಂಗಡಿ

ಮಾದರಿ ರೈಲಿನಲ್ಲಿ ಸ್ಕೇಲು ಕಟ್ಟುನಿಟ್ಟು. ಎಚ್‌ಒ ಅಂದರೆ 1:87, ನಿಜದ ಒಂದು ಅಡಿಗೆ 3.5 ಮಿ.ಮೀ. ಬ್ರಿಟನ್ನಿನ ಒಒ 1:76, ಅಡಿಗೆ 4 ಮಿ.ಮೀ. ಎರಡೂ ಓಡುವುದು 16.5 ಮಿ.ಮೀ. ಅಗಲದ ಹಳಿಯ ಮೇಲೆ. ಎನ್ ಸ್ಕೇಲು 1:160, ಹಳಿ 9 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಎಚ್‌ಒ ಲೆಕ್ಕಕ್ಕೆ ಹಳಿ 19 ಮಿ.ಮೀ. ದಾಟಬೇಕು. ಆದರೆ ರೆಡಿಮೇಡ್ ಸಿಗುವುದು 16.5 ಮಾತ್ರ. ನಾನಂತೂ ಅದರಲ್ಲೇ ಸುಮ್ಮನಾಗಿದ್ದೇನೆ.

ಆಟಿಕೆ ಗಾಡಿಗಳಿಗೆ ಈ ಶಿಸ್ತು ಇಲ್ಲ. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ಮ್ಯಾಚ್‌ಬಾಕ್ಸ್ ಶುರು ಮಾಡಿದಾಗ ಗಾಡಿ ಬೆಂಕಿಪೊಟ್ಟಣದಂಥ ಪೆಟ್ಟಿಗೆಯೊಳಗೆ ಕೂರಬೇಕಿತ್ತು. ಆ ಹೆಸರೇ ಹಾಗೆ ಬಂತು. ಕಾರಾದರೂ ಅದೇ ಪೆಟ್ಟಿಗೆ, ಬಸ್ಸಾದರೂ ಅದೇ ಪೆಟ್ಟಿಗೆ. 1968ರಲ್ಲಿ ಬಂದ ಹಾಟ್ ವೀಲ್ಸ್ ಕೂಡ ಹಾಗೇ, ಎಲ್ಲ ಗಾಡಿಗೂ ಹೆಚ್ಚುಕಡಿಮೆ ಮೂರೇ ಇಂಚು. ಬಾಯಿಮಾತಿಗೆ ಎಲ್ಲದಕ್ಕೂ 1:64 ಅನ್ನುತ್ತಾರೆ. ಕಾರಿಗೆ ಅದು ಸುಮಾರಾಗಿ ನಿಜ. ಬಸ್ಸಿಗೆ, ಲಾರಿಗೆ ನಿಜ ಅಲ್ಲ.

ನಮಗೆ ಲಾಭ ಇರುವುದು ಇಲ್ಲೇ. ನಿಜದ ಗಾಡಿ ದೊಡ್ಡದಾದಷ್ಟೂ ಆಟಿಕೆಯ ಸ್ಕೇಲು ಚಿಕ್ಕದಾಗುತ್ತದೆ. ಏಳೂವರೆ ಮೀಟರ್ ಲಾರಿಯನ್ನು 75 ಮಿ.ಮೀ.ಗೆ ಇಳಿಸಿದರೆ ಅದು 1:100. ಎಚ್‌ಒಗೆ ತೀರ ದೂರದ್ದೇನಲ್ಲ. 11 ಮೀಟರಿನ ಬಸ್ಸನ್ನು ಅಷ್ಟಕ್ಕೇ ಇಳಿಸಿದರೆ ಸುಮಾರು 1:147. ಅದು ಎನ್ ಸ್ಕೇಲಿನವರ ಪಾಲು. ಆಟೋ ಇದಕ್ಕೆ ಪೂರ್ತಿ ಉಲ್ಟಾ. ನಿಜದ ಆಟೋ ಎರಡೂವರೆ ಮೀಟರ್ ಚಿಲ್ಲರೆ. ಎಚ್‌ಒದಲ್ಲಿ ಅದು ಬರೀ 30 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಸಿಗುವ ಮೂರಿಂಚಿನ ಆಟೋ ಪಕ್ಕದಲ್ಲಿ ನಿಮ್ಮ ಎಂಜಿನ್ ಬೊಂಬೆಯಂತೆ ಕಾಣುತ್ತದೆ. ಮನಸ್ಸು ತಡೆಯದಿದ್ದರೂ ಕೊಳ್ಳಬೇಡಿ.

ಆದ್ದರಿಂದ ಎಚ್‌ಒ ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೇ: ಮೂರಿಂಚಿನ ಆಟಿಕೆಗಳಲ್ಲಿ ಲಾರಿ, ಟಿಪ್ಪರ್, ಟ್ಯಾಂಕರ್, ವ್ಯಾನುಗಳನ್ನು ಹುಡುಕಿ. ಕಾರು ಬೇಕೆಂದರೆ 1:87 ಅಂತಲೇ ಮಾಡಿದ್ದನ್ನು ತರಿಸಿ. ಒಒ ಇದ್ದವರು ಪುಣ್ಯವಂತರು. ಆಕ್ಸ್‌ಫರ್ಡ್ ಡೈಕಾಸ್ಟ್‌ನವರು 1:76ರಲ್ಲೇ ಬೇಕಾದಷ್ಟು ಮಾಡುತ್ತಾರೆ. ಮಜೊರೆಟ್, ಟೊಮಿಕಾ ಗಾಡಿಗಳ ತಳದಲ್ಲಿ ಸಾಮಾನ್ಯವಾಗಿ ಸ್ಕೇಲು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಗಾಡಿ ತಿರುಗಿಸಿ ನೋಡಿದರೆ ಅರ್ಧ ಕೆಲಸ ಆಯಿತು.

ಇನ್ನರ್ಧಕ್ಕೆ ಒಂದು ಸಣ್ಣ ಉಪಾಯ. ರಟ್ಟಿನಲ್ಲಿ 19 ಮಿ.ಮೀ. ಎತ್ತರದ ಮನುಷ್ಯನನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಐದೂವರೆ ಅಡಿ ಆಳು ಎಚ್‌ಒದಲ್ಲಿ ಅಷ್ಟೇ. ಆಟಿಕೆಯ ಪಕ್ಕದಲ್ಲಿ ಹಿಡಿಯಿರಿ. ಕಾರಿನ ಚಾವಣಿ ಅವನ ಗಂಟಲ ಮಟ್ಟಕ್ಕೆ ಬರಬೇಕು. ಲಾರಿ ಬಾಗಿಲಿನ ಹಿಡಿ ಅವನ ಕೈಗೆ ಎಟುಕಬೇಕು. ವರ್ನಿಯರ್ ಇದ್ದರೆ ಅಗಲ ನೋಡಿ: ಲಾರಿ, ಬಸ್ಸು 28ರಿಂದ 30 ಮಿ.ಮೀ., ಕಾರು 19ರ ಆಸುಪಾಸು. ಉದ್ದಕ್ಕಿಂತ ಅಗಲ ನಂಬಿಕಸ್ತ. ಆಟಿಕೆಯವರು ಉದ್ದವನ್ನು ಬೇಕಾದಂತೆ ಮೊಟಕು ಮಾಡುತ್ತಾರೆ.

ಅಂಬಾಸಿಡರ್ ಬೇಕೇ ಬೇಕು ಅನ್ನುವವರಿಗೆ ಲೆಕ್ಕ ಇಲ್ಲಿದೆ. ನಿಜದ ಉದ್ದ ಸುಮಾರು 4.3 ಮೀಟರ್. ಎಚ್‌ಒದಲ್ಲಿ 49 ಮಿ.ಮೀ., ಒಒದಲ್ಲಿ 57, ಎನ್‌ನಲ್ಲಿ 27. ಸಿಕ್ಕಿದ್ದು 67 ಇದ್ದರೆ ಅದು 1:64. ಅದನ್ನು ಲೇಔಟಿನ, ಅಂದರೆ ಹಳಿ, ಊರು ಎಲ್ಲ ಕೂರಿಸಿದ ಹಲಗೆಯ, ಮುಂದಿನ ಅಂಚಿನಲ್ಲಿ, ನೋಡುವವರ ಕಣ್ಣಿಗೆ ಹತ್ತಿರ, ಸುತ್ತ ಮನುಷ್ಯರ ಬೊಂಬೆ ಇಲ್ಲದ ಕಡೆ ನಿಲ್ಲಿಸಬಹುದು. ಎನ್ ಸ್ಕೇಲಿನ ಬಸ್ಸನ್ನು ಹಿಂದೆ ಗುಡ್ಡದ ರಸ್ತೆಯಲ್ಲಿಡಿ. ಮುಂದೆ ದೊಡ್ಡದು, ಹಿಂದೆ ಚಿಕ್ಕದು. ನಾಲ್ಕಡಿಯ ಹಲಗೆ ನಾಲ್ಕು ಫರ್ಲಾಂಗಿನಂತೆ ಕಾಣುತ್ತದೆ. (ನಮ್ಮ ಕಡೆ ಲೇಔಟ್ ಅಂದರೆ ಸೈಟು ಮಾರುವ ಜಾಗ. ನನ್ನ ಲೇಔಟು ಆರು ಬೈ ನಾಲ್ಕು ಅಡಿ ಅಂದಾಗ ಒಬ್ಬರು ಪಾಪ ಅಂತ ನೋಡಿದ್ದರು.)

ರಿವಿಟ್ ಬಿಚ್ಚುವುದು

ಬೇಕಾದ ಸಾಮಾನು ಹೆಚ್ಚೇನಿಲ್ಲ. ಸಣ್ಣ ಡ್ರಿಲ್ಲು, 1.6 ಮತ್ತು 3 ಮಿ.ಮೀ. ಬಿಟ್ಟುಗಳು, ಸೆಂಟರ್ ಪಂಚು, ಸಣ್ಣ ಅರಗಳು, ಎಂ2 (2 ಮಿ.ಮೀ.) ಸ್ಕ್ರೂಗಳು ಮತ್ತು ತೂತಿನೊಳಗೆ ಸ್ಕ್ರೂವಿನ ಸುರುಳಿ ಕೊರೆಯುವ ಟ್ಯಾಪು, ಹ್ಯಾಕ್‌ಸಾ ಬ್ಲೇಡು, ವಾಟರ್ ಪೇಪರ್, ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಮುಗಿಯಿತು. ಕಣ್ಣಿಗೆ ಕನ್ನಡಕ ಮರೆಯಬೇಡಿ. ಸತುವಿನ ಚೂರು ಹಾರುತ್ತದೆ.

ಗಾಡಿಯ ಮೈ ಜಮಾಕ್ ಅನ್ನುವ ಲೋಹ. ಹೆಚ್ಚಿನ ಪಾಲು ಸತು, ಜೊತೆಗೆ ಒಂದಿಷ್ಟು ಅಲ್ಯುಮಿನಿಯಂ. ಮೆತ್ತನೆಯ ಲೋಹ, ಅರಕ್ಕೆ ಬೇಗ ಬಗ್ಗುತ್ತದೆ. ತಳ ತಿರುಗಿಸಿದರೆ ಒಂದೋ ಎರಡೋ ಗುಂಡಗಿನ ರಿವಿಟ್ ತಲೆ ಕಾಣುತ್ತದೆ. ಅದರ ನಟ್ಟನಡುವೆ ಪಂಚಿನಿಂದ ಒಂದು ಕುಳಿ ಹಾಕಿ. ಈ ಕುಳಿ ಹಾಕದೆ ಡ್ರಿಲ್ ಇಟ್ಟರೆ ಬಿಟ್ಟು ಜಾರಿ ತಳವನ್ನೂ ನಿಮ್ಮ ಬೆರಳನ್ನೂ ಗೀರುತ್ತದೆ. ಮೊದಲು 1.6 ಬಿಟ್ಟಿನಿಂದ ಐದಾರು ಮಿ.ಮೀ. ಆಳಕ್ಕೆ ಇಳಿಸಿ. ಆಮೇಲೆ 3 ಬಿಟ್ಟು ಹಾಕಿ ರಿವಿಟ್ಟಿನ ತಲೆ ಮಾತ್ರ ಹಾರಿಸಿ. ತಲೆ ಉಂಗುರದಂತೆ ಬಿಟ್ಟಿಗೆ ಸಿಕ್ಕಿಕೊಂಡು ಬಂತೆಂದರೆ ನಿಲ್ಲಿಸಿ. ಇನ್ನೂ ಕೊರೆದರೆ ಒಳಗಿನ ಕಂಬವೇ ಹೋಗುತ್ತದೆ.

ಮೊದಲೇ 1.6 ಹಾಕಿದ್ದು ಯಾಕೆಂದರೆ ಎಂ2 ಟ್ಯಾಪಿಗೆ ಬೇಕಾದ ತೂತು ಅದೇ. ಒಂದು ಹನಿ ಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಟ್ಯಾಪು ಇಳಿಸಿ. ಇನ್ನು ಗಾಡಿಯನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಜೋಡಿಸಬಹುದು. ಟ್ಯಾಪು ಇಲ್ಲದವರು ಕೊನೆಗೆ ಎಂ-ಸೀಲಿನಲ್ಲಿ ಅಂಟಿಸಿಬಿಡುತ್ತಾರೆ. ಅದೂ ನಡೆಯುತ್ತದೆ. ಆದರೆ ಗಾಜಿನ ಒಳಗೆ ಒಂದು ಕೂದಲು ಉಳಿದದ್ದು ಮಾರನೆ ದಿನ ಕಂಡಾಗ ಟ್ಯಾಪಿನ ಬೆಲೆ ಗೊತ್ತಾಗುತ್ತದೆ.

ಬಿಚ್ಚಿದ ಭಾಗಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇಡುವುದು ನನ್ನ ಅಭ್ಯಾಸ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಿಲ್ಲ.

ಬಣ್ಣ ಕೀಳಬೇಕೇ?

ಪ್ರತಿ ಸಲ ಬೇಕಿಲ್ಲ. ಲಾರಿಯ ಮೂಲ ಬಣ್ಣ ಒಪ್ಪುವಂತಿದ್ದು ಮೇಲಿನ ಬೆಂಕಿ ಜ್ವಾಲೆ, ಗೆರೆ, ನಂಬರು ಮಾತ್ರ ಬೇಡವಾದರೆ ಉಗುರು ಬಣ್ಣ ತೆಗೆಯುವ ಅಸಿಟೋನ್ ಸಾಕು. ಇಯರ್ ಬಡ್‌ಗೆ ಸ್ವಲ್ಪ ಹಚ್ಚಿ ಮೆಲ್ಲಗೆ ಉಜ್ಜಿ. ಚಿತ್ರ ಏಳುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಭಾಗಕ್ಕೆ ತಾಗಿದರೆ ಅದು ಕರಗಿ ಮಂಕಾಗುತ್ತದೆ, ಅದೊಂದು ಎಚ್ಚರ.

ಪೂರ್ತಿ ಕೀಳುವುದಾದರೆ ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ತನ್ನಿ. ಗಾಜಿನ ಬಾಟಲಿ, ದಪ್ಪ ಕೈಗವಸು, ಗಾಳಿಯಾಡುವ ಜಾಗ. ಇವು ಮೂರೂ ಇಲ್ಲದೆ ಮುಚ್ಚಳ ತೆಗೆಯಬೇಡಿ. ಬರೀ ಲೋಹದ ಭಾಗ ಹಾಕಿ. ಬಣ್ಣ ಬೊಬ್ಬೆ ಎದ್ದ ಮೇಲೆ ತೆಗೆದು, ಹಳೇ ಟೂತ್‌ಬ್ರಶ್ಶಿನಿಂದ ಸೋಪಿನ ನೀರಲ್ಲಿ ಉಜ್ಜಿ ಒಣಗಿಸಿ.

ಇಲ್ಲಿ ನಾನೊಮ್ಮೆ ಜಾಣತನ ತೋರಿಸಲು ಹೋಗಿ ಕೆಟ್ಟೆ. ರಿಮೂವರ್ ಮುಗಿದಿತ್ತು. ಬಚ್ಚಲ ಕೊಳವೆ ಬಿಡಿಸುವ ಕಾಸ್ಟಿಕ್ ಸೋಡಾ ಮನೆಯಲ್ಲಿತ್ತು. ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಬಣ್ಣ ಹೋಗಿತ್ತು, ಜೊತೆಗೆ ಬಾಗಿಲಿನ ಗೆರೆ, ದೀಪದ ಅಂಚು ಎಲ್ಲ ಹೋಗಿ ಲಾರಿ ಸವೆದ ಸೋಪಿನಂತಾಗಿತ್ತು. ಕಾಸ್ಟಿಕ್ ಸೋಡಾ ಸತುವನ್ನೇ ತಿನ್ನುತ್ತದೆ, ಹೈಡ್ರೋಜನ್ ಅನಿಲ ಬೇರೆ ಬಿಡುತ್ತದೆ. ಆ ಲಾರಿ ಈಗ ನನ್ನ ಗೂಡ್ಸ್ ಶೆಡ್ಡಿನ ಹಿಂದೆ ಗುಜರಿಯಾಗಿ ಬಿದ್ದಿದೆ. ಸತ್ಯ ಹೇಳಬೇಕೆಂದರೆ ಅಲ್ಲಿ ಚೆನ್ನಾಗೇ ಕಾಣುತ್ತದೆ. ಹಳೇ ಆಟಿಕೆ ಸಂತೆಯಲ್ಲಿ ಕೊಂಡದ್ದಾದರೆ ಅದರ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿಕೊಂಡು ಉಜ್ಜಿ.

ಆಟಿಕೆ ಟ್ರಕ್ಕು ನಮ್ಮ ಲಾರಿಯಾಗುವುದು

ನನಗೆ ಅತಿ ಇಷ್ಟದ ಘಟ್ಟ ಇದು, ಸ್ವಲ್ಪ ಉದ್ದ ಹೇಳುತ್ತೇನೆ. ಆಟಿಕೆ ಟ್ರಕ್ಕುಗಳು ಹೆಚ್ಚಾಗಿ ಅಮೆರಿಕದವೋ ಯುರೋಪಿನವೋ. ನಮಗೆ ಬೇಕಾದ್ದು ಅದರ ಕ್ಯಾಬಿನ್ ಮತ್ತು ಅಡಿಯ ಚಾಸಿ. ಮೂತಿ ಚಪ್ಪಟೆ ಇರುವ ಕ್ಯಾಬಿನ್ ಆರಿಸಿ. ಹಿಂದಿನ ಭಾಗವನ್ನು ಹ್ಯಾಕ್‌ಸಾದಲ್ಲಿ ಕತ್ತರಿಸಿ ತೆಗೆದುಬಿಡಿ.

ಹೊಸ ಬಾಡಿ ಕಟ್ಟುವುದು ಮರದಲ್ಲೇ. ನಿಜದ ಲಾರಿಯ ಬಾಡಿ ಕಟ್ಟುವವರೂ ಹಾಗೇ ತಾನೇ ಮಾಡುತ್ತಿದ್ದದ್ದು. ಎರಡು ಆಕ್ಸಲಿನ ಲಾರಿಗೆ 17 ಅಡಿ ಉದ್ದ, 7 ಅಡಿ ಅಗಲದ ಬಾಡಿ ಅಂತಿಟ್ಟುಕೊಳ್ಳಿ. ಅಡಿಗೆ ಮೂರೂವರೆ ಮಿ.ಮೀ. ಲೆಕ್ಕದಲ್ಲಿ ಅದು 60 ಬೈ 24.5 ಮಿ.ಮೀ. ತಳಕ್ಕೆ ಗಟ್ಟಿ ರಟ್ಟು. ಪಕ್ಕದ ಹಲಗೆಗಳಿಗೆ ಕಾಫಿ ಕಲಕುವ ಮರದ ಕಡ್ಡಿ. ಆರಿಂಚಿನ ಹಲಗೆ ಇಲ್ಲಿ ಒಂದೂಮುಕ್ಕಾಲು ಮಿ.ಮೀ. ಅಷ್ಟು ಸಣ್ಣಗೆ ಸೀಳಲು ಆಗದಿದ್ದರೆ ಕಡ್ಡಿಯ ಮೇಲೆ ಬ್ಲೇಡಿನಿಂದ ಗೆರೆ ಎಳೆಯಿರಿ, ಕಣ್ಣಿಗೆ ಸಾಕು. ನಿಂತ ಗೂಟಗಳಿಗೆ ಊದುಬತ್ತಿಯ ಬಿದಿರು ಕಡ್ಡಿ. ಮಸಾಲೆ ಉದುರಿಸಿ, ಅರದಿಂದ ಉಜ್ಜಿ ಚಪ್ಪಟೆ ಮಾಡಿ ಬಳಸಿ. ಫೆವಿಕಾಲ್ ಹಚ್ಚಿ ಜೋಡಿಸಿ ರಾತ್ರಿ ಬಿಡಿ.

ಕ್ಯಾಬಿನ್ ತಲೆಯ ಮೇಲೆ ಚಾಚಿಕೊಂಡಿರುವ ಸಾಮಾನಿನ ಕಟ್ಟೆ ಮರೆಯಬೇಡಿ. ಅದಿಲ್ಲದೆ ನಮ್ಮ ಲಾರಿಯ ಕಳೆಯೇ ಬರುವುದಿಲ್ಲ. ಅಲ್ಲಿ ಸುತ್ತಿಟ್ಟ ಹಗ್ಗ, ಒಂದು ಬಿಡಿ ಟೈರು, ಮಡಿಸಿದ ಟಾರ್ಪಾಲ್ ಇಡಿ.

ಮುಚ್ಚಿದ ಟಾರ್ಪಾಲ್ ಮಾಡುವುದು ಸುಲಭ. ಒಳಗೆ ಥರ್ಮಾಕೋಲ್ ತುಂಡಿಟ್ಟು ಮೂಟೆಗಳ ಏರುಪೇರು ಕಾಣುವಂತೆ ಕತ್ತರಿಸಿ. ಟಿಶ್ಯೂ ಪೇಪರಿನ ಒಂದೇ ಪದರ ತೆಗೆದು, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಮೇಲೆ ಹೊದಿಸಿ. ಒದ್ದೆ ಇರುವಾಗಲೇ ಬ್ರಶ್ಶಿನಿಂದ ಮಡಿಕೆ ಮೂಡಿಸಿ. ಒಣಗಿದ ಮೇಲೆ ಹೊಲಿಗೆ ದಾರವನ್ನು ಅಡ್ಡಡ್ಡ ಎಳೆದು ಕೆಳಗೆ ಕಟ್ಟಿ. ದಾರದ ಜುಂಗು ಎದ್ದು ನಿಂತಿದ್ದರೆ ಬೆರಳಿಗೆ ಫೆವಿಕಾಲ್ ಹಚ್ಚಿ ಒಮ್ಮೆ ಸವರಿ, ಕೂತುಬಿಡುತ್ತದೆ. ಬಣ್ಣ ಮಾಸಿದ ನೀಲಿ, ಇಲ್ಲವೇ ಕಪ್ಪಿಗೆ ತಿರುಗಿದ ಹಸಿರು. ಹೊಸ ನೀಲಿ ಬೇಡ.

ಆಟಿಕೆಯ ಮುಂಭಾಗದಲ್ಲಿ ಬೇಡದ ಕೊಂಬು, ಕೊಳವೆ, ತೂತುಗಳಿದ್ದರೆ ಕತ್ತರಿಸಿ ಎಂ-ಸೀಲ್ ತುಂಬಿ. ಗಟ್ಟಿಯಾದ ಮೇಲೆ ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಸಮ ಮಾಡಿ. ಎರಕದ ಗೆರೆಗಳನ್ನೂ ಅದೇ ಹೊತ್ತಿಗೆ ಅರದಿಂದ ತೆಗೆಯಿರಿ. ಬಣ್ಣ ಹೊಡೆದ ಮೇಲೆ ಕಂಡರೆ ಹೊಟ್ಟೆ ಉರಿಯುತ್ತದೆ. ಬಂಪರಿನ ಕೆಳಗೆ ಕಪ್ಪು ದಾರದ ಗಂಟು ಕಟ್ಟಿದರೆ ದೃಷ್ಟಿಗೆ ಕಟ್ಟಿದ ಹಳೇ ಚಪ್ಪಲಿ. ಕೆಂಪು ಹಸಿರು ಚುಕ್ಕೆ ಇಟ್ಟ ಇನ್ನೊಂದು ದಾರ ನಿಂಬೆಹಣ್ಣು ಮೆಣಸಿನಕಾಯಿ. ಒಂದೂವರೆ ಅಡಿ ದೂರದಿಂದ ಏನೂ ಕಾಣುವುದಿಲ್ಲ. ಆದರೂ ಹಾಕಿ.

ಚಕ್ರದ ಹೊಳಪು ತೆಗೆಯಿರಿ

ಆಟಿಕೆ ಅಂತ ಮೊದಲು ಹೇಳಿಕೊಡುವುದು ಚಕ್ರ. ಜಾರುಹಾದಿಯಲ್ಲಿ ವೇಗವಾಗಿ ಓಡಲೆಂದು ಮಾಡಿದ ಅಗಲ ಚಕ್ರ, ಕ್ರೋಮ್ ಹೊಳಪು, ಹಿಂದಿನದು ದೊಡ್ಡದು ಮುಂದಿನದು ಚಿಕ್ಕದು. ಲಾರಿಗೆ ಹಾಕುವ 10.00-20 ಟೈರಿನ ವ್ಯಾಸ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಎಚ್‌ಒದಲ್ಲಿ 12 ಮಿ.ಮೀ. ಕಾರಿನದು ಏಳೆಂಟು ಮಿ.ಮೀ. ಅಷ್ಟೇ. ಆ ಅಳತೆಗೆ ಹೊಂದುವ ಚಕ್ರವನ್ನು ಇನ್ನೊಂದು ಆಟಿಕೆಯಿಂದ ಕಸಿ ಮಾಡಿ. ಹಿಂದೆ ಜೋಡಿ ಚಕ್ರ ಇರಬೇಕು. ಎರಡು ಸಣಕಲು ಚಕ್ರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಆಯಿತು.

ಬಣ್ಣದ ವಿಷಯ: ಟೈರು ಕಪ್ಪಲ್ಲ. ರಸ್ತೆಗೆ ಹೋಗಿ ನೋಡಿ, ಧೂಳು ಕುಡಿದ ಬೂದು ಬಣ್ಣ. ನಡುವಿನ ಡಿಸ್ಕಿಗೆ ಮಂಕು ಬೆಳ್ಳಿ, ನಟ್ಟುಗಳ ಸುತ್ತ ತುಕ್ಕಿನ ಕಂದು.

ಲೇಔಟಿನ ಗಾಡಿ ಓಡಬೇಕಿಲ್ಲ, ನಿಲ್ಲಬೇಕು. ಹಾಗಾಗಿ ಚಕ್ರದ ಕೆಳಭಾಗವನ್ನು ಅರದಿಂದ ಕೂದಲೆಳೆಯಷ್ಟು ಚಪ್ಪಟೆ ಮಾಡಿ, ಆ ಭಾಗ ನೆಲಕ್ಕೆ ಬರುವಂತೆ ಅಂಟಿಸಿಬಿಡಿ. ಹತ್ತು ಟನ್ ಹೊತ್ತು ಕೂತ ಟೈರು ಹಾಗೇ ಇರುವುದು. ಮುಂದಿನ ಚಕ್ರಗಳನ್ನು ಸ್ವಲ್ಪ ತಿರುಗಿಸಿ ಅಂಟಿಸಿದರೆ ಲಾರಿ ಈಗಷ್ಟೇ ಪಕ್ಕಕ್ಕೆ ಎಳೆದು ನಿಲ್ಲಿಸಿದಂತೆ ಕಾಣುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಫಲ ಬೇರೆಲ್ಲೂ ಸಿಕ್ಕಿಲ್ಲ ನನಗೆ.

ಸ್ಟೀರಿಂಗ್ ಯಾವ ಕಡೆ?

ಬಹಳ ಜನ ಗಮನಿಸುವುದಿಲ್ಲ. ಹೊರದೇಶದ ಆಟಿಕೆಯಲ್ಲಿ ಸ್ಟೀರಿಂಗ್ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಬಿಚ್ಚಿದಾಗಲೇ ಅದನ್ನು ಕತ್ತರಿಸಿ ಬಲಗಡೆ ಅಂಟಿಸಿ. ಸೊಂಟದಿಂದ ಮೇಲಿನ ಅರ್ಧ ಬೊಂಬೆಯೊಂದನ್ನು ಕೂರಿಸಿ. ಡ್ರೈವರ್ ಇಲ್ಲದ ಗಾಡಿಗಳ ಸಾಲು ದೆವ್ವದ ಊರಿನಂತೆ ಕಾಣುತ್ತದೆ. ಕ್ಲೀನರನ್ನು ಬಾಗಿಲಿನಿಂದ ಕೈ ಹೊರಗೆ ಹಾಕಿ ಕೂರಿಸಿದರೆ ಇನ್ನೂ ಚೆಂದ.

ಗಾಜು ನೀಲಿ ಅಥವಾ ಹಳದಿ ಇದ್ದರೆ ಬಿಸಾಡಿ. ಆಟಿಕೆ ಬಂದ ಪ್ಲಾಸ್ಟಿಕ್ ಗುಮ್ಮಟ ಇದೆಯಲ್ಲ, ಅದರ ಚಪ್ಪಟೆ ಭಾಗವನ್ನೇ ಕತ್ತರಿಸಿ ಗಾಜು ಮಾಡಿ. ಅಂಟಿಸಲು ಫೆವಿಕಾಲ್ ಮಾತ್ರ. ಫೆವಿಕ್ವಿಕ್ ಹಾಕಿದರೆ ಅದರ ಹಬೆಗೆ ಗಾಜು ಬೆಳ್ಳಗೆ ಮಂಜಾಗುತ್ತದೆ.

ಬಣ್ಣ

ಮೊದಲು ಪ್ರೈಮರ್. ವಾಹನಗಳ ಬಣ್ಣದ ಅಂಗಡಿಯ ಬೂದು ಸ್ಪ್ರೇ ಡಬ್ಬಿ ಸಾಕು. ಬರೀ ಸತುವಿನ ಮೇಲೆ ನೇರ ಬಣ್ಣ ಹೊಡೆದರೆ ಉಗುರು ತಾಗಿದರೂ ಚಕ್ಕೆ ಏಳುತ್ತದೆ. ಒಂದಡಿಗೆ ಸ್ವಲ್ಪ ಕಡಿಮೆ ದೂರದಿಂದ, ಗಾಡಿಯ ಆಚೆ ಶುರು ಮಾಡಿ ಈಚೆ ಮುಗಿಸುತ್ತ, ತೆಳುವಾಗಿ ಎರಡು ಮೂರು ಸಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಗಾಳಿಯ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ಜನವರಿಯ ಒಂದು ಬಿಸಿಲು ಮಧ್ಯಾಹ್ನ ಸಾವಿರ ರೂಪಾಯಿಯ ಏರ್‌ಬ್ರಶ್ಶಿಗಿಂತ ಮೇಲು.

ಮೇಲಿನ ಬಣ್ಣ ಯಾವುದೇ ಇರಲಿ, ಅದಕ್ಕೆ ಸ್ವಲ್ಪ ಬಿಳಿ ಅಥವಾ ಬೂದು ಬೆರೆಸಿ. ನಿಜದ ಲಾರಿಯನ್ನು ನಾವು ನೂರು ಅಡಿ ದೂರದಿಂದ, ನಡುವಿನ ಗಾಳಿ ಧೂಳುಗಳ ಮೂಲಕ ನೋಡುತ್ತೇವೆ. ಅದೇ ಬಣ್ಣವನ್ನು ಅಂಗೈ ಅಗಲದ ಮಾದರಿಗೆ ಹೊಡೆದರೆ ಜಾಸ್ತಿ ಗಾಢವಾಗುತ್ತದೆ. ಕೆಂಪು ಸರ್ಕಾರಿ ಬಸ್ಸು ಮಾಡುವವರಿಗೆ ಇದು ಮುಖ್ಯ. ಡಬ್ಬಿಯ ಕೆಂಪು ಹಾಗೇ ಹೊಡೆದರೆ ಅದು ಬಸ್ಸಲ್ಲ, ಫೈರ್ ಎಂಜಿನ್. ಕೊನೆಗೆ ಮ್ಯಾಟ್ ವಾರ್ನಿಷ್ ಕಡ್ಡಾಯ.

ಕಾಲಕ್ಕೆ ತಕ್ಕ ನಂಬರ್ ಪ್ಲೇಟ್

ನಿಮ್ಮ ರೈಲು ಯಾವ ಕಾಲದ್ದು? ಮೀಟರ್‌ಗೇಜಿನ ಹಳೇ ಡೀಸೆಲ್ ಎಂಜಿನ್ ವೈಡಿಎಂ-4 ಓಡಿಸುತ್ತಿದ್ದರೆ ಗೇಟಿನ ಬಳಿ ಅಂಬಾಸಿಡರ್, ಪದ್ಮಿನಿ ಇರಬೇಕು. ಇವತ್ತಿನ ಎಸ್‌ಯುವಿ ಅಲ್ಲ. ಕೆಎ ಶುರುವಾಗುವ ನಂಬರು ಬಂದದ್ದು 1989ರಲ್ಲಿ. 1990ರ ದಶಕದ ದೃಶ್ಯವಾದರೆ ಮನೆ ಕಾರಿನ ಪ್ಲೇಟು ಕಪ್ಪು, ಅಕ್ಷರ ಬಿಳಿ. ಈಗಿನದಾದರೆ ಬಿಳಿಯ ಮೇಲೆ ಕಪ್ಪು, ಲಾರಿ ಟ್ಯಾಕ್ಸಿಗೆ ಹಳದಿ ಮೇಲೆ ಕಪ್ಪು. ಸಾರಿಗೆ ನಿಗಮದ ಬಸ್ಸಾದರೆ ನಂಬರಿನ ನಡುವೆ ಎಫ್ ಬರಲೇಬೇಕು.

ಈಗಿನ ಕಾರಿನ ಪ್ಲೇಟು 500 ಬೈ 120 ಮಿ.ಮೀ. ಎಚ್‌ಒದಲ್ಲಿ 5.7 ಬೈ 1.4. ಕಂಪ್ಯೂಟರಿನಲ್ಲಿ ಆ ಅಳತೆಗೆ ಮಾಡಿ ಲೇಸರ್ ಪ್ರಿಂಟ್ ತೆಗೆದು, ಕತ್ತರಿಸಿದ ಅಂಚಿಗೆ ಅದೇ ಬಣ್ಣದ ಪೆನ್ನು ತಾಗಿಸಿ. ಇಲ್ಲದಿದ್ದರೆ ಕಾಗದದ ಬಿಳಿ ಅಂಚು ಕಣ್ಣು ಕುಕ್ಕುತ್ತದೆ. ಲಾರಿಯ ಹಿಂದಿನ "ಸೌಂಡ್ ಹಾರ್ನ್" ಬರಹಕ್ಕೆ 4 ಪಾಯಿಂಟ್ ಅಕ್ಷರ ಹೊಂದುತ್ತದೆ. ಬೇರೆಯವರ ನಂಬರು ಯಾಕೆ, ನಾನು ನನ್ನ ಹಳೇ ಸ್ಕೂಟರಿನದನ್ನೇ ಲಾರಿಗೆ ಕೊಟ್ಟಿದ್ದೇನೆ.

ಧೂಳು, ಮತ್ತು ಒಂದು ಅಯಸ್ಕಾಂತ

ಕಪ್ಪು ಕಂದು ಬೆರೆಸಿದ ಬಣ್ಣವನ್ನು ಚಹಾದಷ್ಟು ನೀರಾಗಿಸಿ ಮೈಮೇಲೆಲ್ಲ ಹಚ್ಚಿ, ಉಬ್ಬಿದ ಕಡೆ ಬಟ್ಟೆಯಿಂದ ಒರೆಸಿ. ಸಂದುಗಳಲ್ಲಿ ಕೊಳೆ ಉಳಿಯುತ್ತದೆ, ಬಾಗಿಲ ಗೆರೆಗಳು ಎದ್ದು ಕಾಣುತ್ತವೆ. ಅದು ಒಣಗಿದ ಮೇಲೆ ಧೂಳು. ಚಾಕ್ ಪೀಸನ್ನು ಉಜ್ಜಿದ ಪುಡಿ ಆಗಬಹುದು. ಆದರೆ ನಮ್ಮ ಕೆಮ್ಮಣ್ಣಿಗೆ ಸಮ ಯಾವುದೂ ಇಲ್ಲ. ಬಿಸಿಲಿಗೆ ಒಣಗಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ. ಮೆತ್ತನೆ ಬ್ರಶ್ಶಿನಲ್ಲಿ ಚಕ್ರದ ಕಮಾನು, ಮಡ್ ಫ್ಲಾಪ್, ಬಾಡಿಯ ಕೆಳ ಅಂಚು, ಹಿಂಬಾಗಿಲಿಗೆ ಹಚ್ಚಿ. ಮೇಲಕ್ಕೆ ಹೋದಂತೆ ಕಡಿಮೆ ಮಾಡಿ. ಗಾಜಿನ ಮೇಲೆ ಧೂಳು ಹಾಕಿ, ವೈಪರ್ ಆಡುವ ಬೀಸಣಿಗೆ ಆಕಾರವನ್ನು ಒದ್ದೆ ಬಡ್‌ನಿಂದ ಒರೆಸಿಬಿಡಿ.

ಈ ಮಣ್ಣು ಬಳಸುವ ಮೊದಲು ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿ ನೋಡಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕಣ ಇರುತ್ತದೆ. ಅದು ಲೇಔಟಿನಲ್ಲಿ ಉದುರಿದರೆ ಎಂಜಿನಿನ ಮೋಟಾರು ತನ್ನ ಅಯಸ್ಕಾಂತದಿಂದ ಒಳಗೆ ಎಳೆದುಕೊಳ್ಳುತ್ತದೆ. ಲಾರಿಗೆ ಧೂಳು ಹಾಕಲು ಹೋಗಿ ರೈಲು ಕೆಡಿಸಿಕೊಳ್ಳುವುದು ಬೇಡ.

ಹಳಿಯ ಹತ್ತಿರ ಲೋಹ

ಬರೀ ರಸ್ತೆಯ ಡಯೊರಾಮಾ (ಪುಟ್ಟ ದೃಶ್ಯದ ಮಾದರಿ) ಮಾಡುವವರಿಗೆ ಈ ಚಿಂತೆ ಇಲ್ಲ, ನಮಗಿದೆ. ಎಚ್‌ಒ ಹಳಿಯಲ್ಲಿ ಸುಮಾರು 12 ವೋಲ್ಟ್ ಕರೆಂಟು ಹರಿಯುತ್ತಿರುತ್ತದೆ. ಲೋಹದ ಗಾಡಿ ಎರಡೂ ಹಳಿಗೆ ಅಡ್ಡ ಬಿದ್ದರೆ ಶಾರ್ಟ್. ಬಣ್ಣ ತಡೆಯುತ್ತದೆ ಅಂತ ನಂಬಬೇಡಿ, ಆಕ್ಸಲಿನ ತುದಿ ಬರೀ ಉಕ್ಕು. ತಳಕ್ಕೆ, ಆಕ್ಸಲಿನ ತುದಿಗಳಿಗೆ ಎರಡು ಪದರ ವಾರ್ನಿಷ್ ಬಳಿಯಿರಿ. ಗೇಟಿನ ಒಳಗೆ ಗಾಡಿ ನಿಲ್ಲಿಸಲೇಬೇಡಿ.

ಅದೇ ಉಕ್ಕಿನ ಆಕ್ಸಲ್ ಒಂದು ಉಪಕಾರವನ್ನೂ ಮಾಡುತ್ತದೆ. ಸತುವಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಆಕ್ಸಲಿಗೆ ಹಿಡಿಯುತ್ತದೆ. ಇಳಿಜಾರಿನ ರಸ್ತೆಯ ಅಡಿಯಲ್ಲಿ ಒಂದು ಸಣ್ಣ ನಿಯೋಡಿಮಿಯಂ ಅಯಸ್ಕಾಂತ ಹುದುಗಿಸಿದರೆ ಲಾರಿ ಅಂಟಿಲ್ಲದೆ ನಿಲ್ಲುತ್ತದೆ, ಬೇಕೆಂದಾಗ ಎತ್ತಬಹುದು. ದೀಪ ಬೇಕೆನ್ನುವವರು ಸಣ್ಣ ಎಲ್‌ಇಡಿಗೆ 12 ವೋಲ್ಟಿನಲ್ಲಿ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ತಂತಿಯನ್ನು ಚಕ್ರದ ಪಕ್ಕದಿಂದ ರಸ್ತೆಯೊಳಗೆ ಇಳಿಸಿ.

ಇನ್ನು ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವ ಆಸೆ. ಕೊಂಕಣ ರೈಲ್ವೆಯ ರೋ-ರೋ ನೋಡಿದವರಿಗೆಲ್ಲ ಇದು ಬರುತ್ತದೆ. 1999ರಿಂದ ನಡೆಯುತ್ತಿರುವ ಸೇವೆ. ಮಹಾರಾಷ್ಟ್ರದ ಕೋಲಾಡಿನಿಂದ ನಮ್ಮ ಸುರತ್ಕಲ್‌ವರೆಗೂ ಚಪ್ಪಟೆ ವ್ಯಾಗನ್ನುಗಳ ಮೇಲೆ ಸಾಲು ಸಾಲು ಲಾರಿಗಳು, ಕ್ಯಾಬಿನ್ನಿನಲ್ಲಿ ಡ್ರೈವರುಗಳು ಕೂತಿರುತ್ತಾರೆ. ಟಾರ್ಪಾಲ್ ಹೊದ್ದ ನಾಲ್ಕು ಲಾರಿ ಮಾಡಿದ ಮೇಲೆ ನಾನೂ ಹತ್ತಿಸಿದೆ. ಮೊದಲ ತಿರುವಿನಲ್ಲೇ ಒಂದು ಮಗುಚಿ ಹಳಿಗೆ ಅಡ್ಡ ಬಿತ್ತು, ಕಿಡಿ ಹಾರಿತು, ಇಡೀ ಲೇಔಟು ನಿಂತಿತು.

ತಪ್ಪು ಭಾರದ್ದು. ಅಮೆರಿಕದ ಮಾದರಿ ರೈಲಿನವರ ಸಂಸ್ಥೆ ಎನ್‌ಎಂಆರ್‌ಎಯ ಶಿಫಾರಸಿನ ಪ್ರಕಾರ ಎಚ್‌ಒ ವ್ಯಾಗನ್ನಿನ ತೂಕ ಒಂದು ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್. ಆರಿಂಚಿನ ವ್ಯಾಗನ್ನಿಗೆ ಒಟ್ಟು 113 ಗ್ರಾಂ. ಲಾರಿಯ ಸತುವೆಲ್ಲ ವ್ಯಾಗನ್ನಿನ ಮೇಲ್ಗಡೆ ಕೂತರೆ ತಿರುವಿನಲ್ಲಿ ತೂಗಿ ಬೀಳುತ್ತದೆ. ಈಗ ರೈಲು ಹತ್ತುವ ಲಾರಿಗಳಿಗೆ ಪ್ಲಾಸ್ಟಿಕ್ ಕ್ಯಾಬಿನ್, ರಟ್ಟಿನ ಬಾಡಿ, ಥರ್ಮಾಕೋಲ್ ಲೋಡು. ಕತ್ತರಿಸಿ ಉಳಿದ ಸತುವನ್ನು ವ್ಯಾಗನ್ನಿನ ಹೊಟ್ಟೆಯ ಕೆಳಗೆ ಅಂಟಿಸಿದ್ದೇನೆ. ಚಕ್ರಗಳ ಹಿಂದೆ ಮುಂದೆ ಬೆಂಕಿಕಡ್ಡಿಯ ಚೂರನ್ನು ಅಡೆಯಾಗಿ ಕೊಟ್ಟಿದ್ದೇನೆ. ಅದಾದ ಮೇಲೆ ಒಂದೂ ಬಿದ್ದಿಲ್ಲ. ಪೂರ್ತಿ ಲೋಹದವು ರಸ್ತೆಯಲ್ಲೇ ಇರಲಿ.

ನಿಲ್ಲಿಸುವುದು

ಗೇಟಿನ ಬಳಿ ಗಾಡಿಗಳನ್ನು ಸರಳ ರೇಖೆಯಲ್ಲಿ ಜೋಡಿಸಬೇಡಿ. ಲಾರಿ ಮುಂದೆ, ಅದರ ಹಿಂದೆ ಬಸ್ಸು ಸ್ವಲ್ಪ ಬಲಕ್ಕೆ ಮೂತಿ ಹಾಕಿ, ಎದುರು ಬರುವವರ ಜಾಗದಲ್ಲಿ ಒಂದು ಕಾರು. ಆಚೆ ಕಡೆಯೂ ಹಾಗೇ. ಗೇಟ್ ತೆಗೆದಾಗ ಯಾರೂ ಮುಂದೆ ಹೋಗಲಾರದ ಹಾಗೆ ನಿಲ್ಲಿಸಿದರೆ ಸರಿಯಾಗಿದೆ ಅಂತ ಲೆಕ್ಕ. ಗೇಟಿನ ಕಂಬದ ಅಡಿಯಲ್ಲಿ ತಲೆ ಬಗ್ಗಿಸಿ ನುಸುಳುವ ಒಬ್ಬ ಸೈಕಲ್ಲಿನವನು ಇರಲಿ.

ಗಾಡಿಗಳನ್ನು ಗಟ್ಟಿಯಾಗಿ ಅಂಟಿಸಬೇಡಿ. ಅಯಸ್ಕಾಂತ ಇಲ್ಲದ ಕಡೆ ಒಂದೊಂದು ಚಕ್ರದ ಅಡಿಗೆ ಸಾಸಿವೆಯಷ್ಟು ಫೆವಿಕಾಲ್ ಸಾಕು. ಹಳಿ ಒರೆಸುವ ದಿನ ಉಗುರಿನಿಂದ ಮೀಟಿದರೆ ಎದ್ದು ಬರುತ್ತವೆ. ನನ್ನ ಗೆಳೆಯ ಮೊನ್ನೆ ಮತ್ತೆ ಬಂದಿದ್ದ. ಹತ್ತು ನಿಮಿಷ ರೈಲು ನೋಡಿದ, ಕಾಫಿ ಕುಡಿದ, ಹೊರಟ. ಲಾರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.